ಒಂದು ಕಡೆಯಿಂದ ಕಾಣುವ ಜಾಲರಿ

ಕಬ್ಬಿಣದ ಅಂಗಡಿಯಲ್ಲಿ ನಗುವುದಕ್ಕೆ ಏನಿದೆ ಎನ್ನುವವರು ಒಂದು ದಿನ ಬಂದು ನನ್ನ ಸ್ಟೂಲಿನ ಮೇಲೆ ಕೂತು ನೋಡಬೇಕು. ದೇವನಹಳ್ಳಿಯಲ್ಲಿ ಏರ್‌ಪೋರ್ಟ್ ಏಳುತ್ತಿದ್ದ ವರ್ಷಗಳಲ್ಲಿ ಊರಿಗೆ ಊರೇ ಬೇಲಿ ಹಾಕುತ್ತಿತ್ತು. ದ್ರಾಕ್ಷಿ ತೋಟಕ್ಕೆ, ಸೈಟಿಗೆ, ಸೈಟಿನ ಮೇಲೆ ಕಣ್ಣಿಟ್ಟ ಪಕ್ಕದವರಿಗೆ, ಎಲ್ಲಕ್ಕೂ ಜಾಲರಿ ಬೇಕು. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆಮೇಲೆ ಕಂಪನಿಯವರು ಕೊಟ್ಟ ಜಾಲರಿ ಪುಸ್ತಕವನ್ನೇ ಅಕ್ಷರಕ್ಕೆ ಅಕ್ಷರ ಕೂಡಿಸಿಕೊಂಡು ಓದಿದೆ. ಯಾವ ಕೆಲಸಕ್ಕೆ ಯಾವ ಜಾಲರಿ ಎಂದು ನಾನು ಹೇಳಿದರೆ ಎಂಜಿನಿಯರು ಕೂಡ ಸುಮ್ಮನಾಗುತ್ತಿದ್ದ. ತಪ್ಪು ಜಾಲರಿ ಕೊಟ್ಟೆ ಎಂದು ಇವತ್ತಿನವರೆಗೂ ಯಾರೂ ವಾಪಸು ಬಂದಿಲ್ಲ. ಒಬ್ಬ ತಾತನ ವಿಷಯ ಮಾತ್ರ ಬೇರೆ.

ತೂತಿನ ತಗಡು

ಆ ತಾತ ಆವತಿ ಕಡೆಯವರು. ಮೊದಲ ಸಲ ಬಂದಾಗ ಎಲ್ಲರನ್ನೂ ಕೇಳುವಂತೆಯೇ ಕೇಳಿದೆ: "ಯಾವುದಕ್ಕೆ ತಾತ? ಕೋಳಿಗಾ, ಕುರಿಗಾ?"

"ಹೆಂಡ್ತಿಗೆ."

ನಾನು ತಲೆ ಎತ್ತಿದೆ.

"ಹೊಲದ ಮೂಲೇಲಿ ಮಣ್ಣು ಮಾಡಿದ್ವಿ. ಹೊಲ ಬಡಾವಣೆಯೋರಿಗೆ ಕೊಟ್ಟಾಯ್ತು. ಆ ಹತ್ತಡಿ ಮಾತ್ರ ಬಿಡಿಸ್ಕೊಂಡಿವ್ನಿ. ಅಮಾಸೆ ಒಳಗೆ ಬೇಲಿ ಹಾಕ್ಕೋ ತಾತ, ಇಲ್ದಿದ್ರೆ ಜೆಸಿಬಿಯೋನಿಗೆ ಗುರುತು ಸಿಗಕ್ಕಿಲ್ಲ ಅಂದವ್ರೆ."

ಅಮಾವಾಸ್ಯೆಗೆ ಇನ್ನು ಹನ್ನೊಂದು ದಿನವಿತ್ತು. ಜಾಲರಿಯ ಒಂದು ಹಾಳೆ ತೆಗೆದು ತೋರಿಸಿದೆ. ತಾತ ಅದರ ಕಣ್ಣುಗಳೊಳಗೆ ಬೆರಳಿಟ್ಟು ನೋಡಿದರು.

"ಎಣೆದಿದ್ದಾ, ಬೆಸುಗೆ ಹಾಕಿದ್ದಾ?"

"ಎರಡೂ ಅಲ್ಲ. ಒಂದೇ ತಗಡು."

"ಇಷ್ಟೊಂದು ತೂತು ಐತಲ್ಲ. ತೂತಲ್ಲಿದ್ದ ತಗಡು ಎಲ್ಲೋಯ್ತು?"

"ತೆಗೆದೇ ಇಲ್ಲ ತಾತ."

"ತೆಗೀದೆ ತೂತು ಎಂಗಮ್ಮ ಆಯ್ತದೆ? ನೀನೇ ಎಲ್ಲೋ ಎತ್ತಿ ಮಡಗಿದ್ದೀಯ."

ನನಗೆ ರೇಗಿತು. ಹಳೆ ಪೇಪರ್ ತೆಗೆದು, ಗಣೇಶನ ಹಬ್ಬಕ್ಕೆ ಮಕ್ಕಳು ಬಣ್ಣದ ಕಾಗದ ಕತ್ತರಿಸುತ್ತಾರಲ್ಲ, ಹಾಗೆ ಮಡಿಸಿ ಆ ಕಡೆಯಿಂದೊಂದು ಈ ಕಡೆಯಿಂದೊಂದು ಸೀಳು ಹಾಕಿ ಎಳೆದೆ. ಪೇಪರ್ ಬಲೆಯಾಗಿ ಮಾರುದ್ದ ಜೋತುಬಿತ್ತು.

"ತಗಡನ್ನೂ ಹಿಂಗೇ ಸೀಳಿ ಎಳೀತಾರೆ. ಒಂದು ಚೂರಾದರೂ ಕೆಳಗೆ ಬಿತ್ತಾ?"

ತಾತ ಕೆಳಗೆ ಬಗ್ಗಿ ನೋಡಿದರು. ಆಮೇಲೆ ಆ ಬಲೆಯನ್ನು ಎಳೆದರು, ಬಿಟ್ಟರು, ಮತ್ತೆ ಎಳೆದರು.

"ಅಲ್ಲಾ ಕಣಮ್ಮ, ನನ್ನ ಹತ್ತಡಿ ನೆಲಾನೂ ಒಸಿ ಹಿಂಗೇ ಎಳೆದುಕೊಟ್ಟೀಯಾ?"

ನನ್ನ ಕಿಟಕಿ

ಎಳೆದ ತಗಡಿನ ಎಳೆಗಳು ನೆಟ್ಟಗೆ ನಿಲ್ಲುವುದಿಲ್ಲ. ಒಂದೊಂದೂ ಓರೆಯಾಗಿ ಉಬ್ಬಿಕೊಂಡಿರುತ್ತದೆ. ಬೇಕಾದವರಿಗೆ ಒತ್ತಿ ಚಪ್ಪಟೆ ಮಾಡಿದ್ದೂ ಸಿಗುತ್ತದೆ. ಈ ಉಬ್ಬು ಜಾಲರಿಯ ಗುಟ್ಟು ಪುಸ್ತಕದಲ್ಲಿರಲಿಲ್ಲ. ಅದನ್ನು ಕಲಿಸಿದವನು ಎದುರಿನ ಟೀ ಅಂಗಡಿಯವನು.

ಕಳ್ಳರನ್ನು ತಡೆಯಲಿ ಎಂದು ಅಂಗಡಿಯ ಮುಂದಿನ ಕಿಟಕಿಗೆ ಉಬ್ಬು ಜಾಲರಿ ಹಾಕಿಸಿದ್ದೆ. ಕೂತಲ್ಲಿಂದ ನೇರ ನೋಡಿದರೆ ನನಗೆ ರಸ್ತೆ ಕಾಣುತ್ತಿರಲಿಲ್ಲ, ಬರೀ ಕಬ್ಬಿಣ. ಹೊರಗಿನವರಿಗೂ ನಾನು ಕಾಣುವುದಿಲ್ಲ ಎಂದುಕೊಂಡು ಮಧ್ಯಾಹ್ನ ನಿಶ್ಚಿಂತೆಯಿಂದ ಇರುತ್ತಿದ್ದೆ. ಒಂದು ದಿನ ಟೀಯವನು ಲೋಟ ಇಡುತ್ತಾ, "ಅಕ್ಕ, ಇವತ್ತು ಸ್ಟ್ರಾಂಗ್ ಹಾಕಿದ್ದೀನಿ. ಊಟ ಆದ್ಮೇಲೆ ನಾಲ್ಕು ಸಲ ತೂಕಡಿಸಿದ್ರಲ್ಲ" ಅಂದ.

ಹೊರಗೆ ಹೋಗಿ ನಿಂತು ನೋಡಿದೆ. ಎಳೆಗಳ ಓರೆಯ ಸಂದಿನಲ್ಲಿ, ನಿಂತವರು ಕೆಳಗೆ ನೋಡಿದರೆ ನನ್ನ ಸ್ಟೂಲು ಚೆನ್ನಾಗಿ ಕಾಣುತ್ತಿತ್ತು. ಅದೇ ಗಳಿಗೆಯಲ್ಲಿ ಜಾಲರಿ ಬಿಚ್ಚಿಸಿ ತಲೆಕೆಳಗು ಮಾಡಿ ಹಾಕಿಸಿದೆ. ಆಮೇಲೆ ನಿಂತವರಿಗೆ ನಾನು ಕಾಣುವುದು ನಿಂತಿತು. ನನಗೆ ಮಾತ್ರ ಕೂತಲ್ಲಿಂದ ಹೊರಗಿನ ನೆಲ ಕಾಣತೊಡಗಿತು. ಅವತ್ತಿನಿಂದ ಗಿರಾಕಿಗಳ ಮುಖಕ್ಕಿಂತ ಅವರ ಚಪ್ಪಲಿ ನನಗೆ ಹೆಚ್ಚು ಪರಿಚಯ.

ಮಲಗಿ ನೋಡಿದ್ದು

ಆ ಸಂದಿನಲ್ಲೇ ಒಂದು ದಿನ ಕೆಂಪು ಮಣ್ಣು ಮೆತ್ತಿದ ಬರಿಗಾಲು ಕಂಡವು. ತಾತ ಅಂಗಡಿಗೆ ಬಂದದ್ದು ಅದು ನಾಲ್ಕನೇ ಸಲ. ಒಂದು ಜಾಲರಿ ದಪ್ಪವಾಯಿತು, ಇನ್ನೊಂದರ ಕಣ್ಣು ದೊಡ್ಡದಾಯಿತು ಎಂದು ಮೂರು ಸಲ ಬಿಟ್ಟುಹೋಗಿದ್ದರು. ಅಮಾವಾಸ್ಯೆಗೆ ಉಳಿದದ್ದು ಮೂರೇ ದಿನ.

"ತಾತ, ನಿಮಗೆ ನಿಜವಾಗ್ಲೂ ಎಂಥದು ಬೇಕು? ಅದನ್ನ ಹೇಳಿ."

ತಾತ ಸುತ್ತ ನೋಡಿ ದನಿ ತಗ್ಗಿಸಿದರು. "ಹೊಲ ಮಾರಬ್ಯಾಡಿ ಅಂತ ಸಾಯೋವಾಗ ನನ್ನ ಕೈ ಹಿಡ್ಕಂಡು ಭಾಷೆ ತಗಂಡ್ಲು. ಮಾರಿರೋದು ಅವಳಿಗಿನ್ನೂ ಗೊತ್ತಿಲ್ಲ."

"ಹೋಗಿ ಎಷ್ಟು ವರ್ಷ ಆಯ್ತು?"

"ಆರು. ಸುತ್ತ ಸೈಟಿನ ಕಲ್ಲು ನೆಟ್ಟವ್ರೆ ಕಣಮ್ಮ. ಅದು ಅವಳ ಕಣ್ಣಿಗೆ ಬೀಳಬಾರದು. ಆದ್ರೆ ನಾನು ಹೋಗಿ ನಿಂತ್ರೆ ಕಾಣಬೇಕು. ಅಂಥದ್ದು ಐತಾ?"

ಬೇರೆ ಯಾರಾದರೂ ಇಲ್ಲ ಎನ್ನುತ್ತಿದ್ದರು. ನಾನು "ಐತೆ" ಅಂದೆ. ನನ್ನ ಕಿಟಕಿಗೆ ಮೊದಲು ಹಾಕಿದ್ದ ಓರೆಯೇ ಸಾಕು. ನಿಂತವರಿಗೆ ಒಳಗೆ ಮಲಗಿದವರು ಕಾಣುತ್ತಾರೆ. ಮಲಗಿದವರಿಗೆ ನಿಂತವರ ಮುಖ ಕಾಣುತ್ತದೆ, ಸುತ್ತಲ ನೆಲ ಕಾಣುವುದಿಲ್ಲ.

"ಬಾಯಲ್ಲಿ ಹೇಳಬ್ಯಾಡ. ಮಲಗಿ ನೋಡಿ ಹೇಳು. ನಾನು ಮಲಗಿದ್ರೆ ಎದ್ದೇಳಾಕಾಗಲ್ಲ."

ನಾನು ಯಾರ ಮಾತಿಗೂ ಬಗ್ಗಿದವಳಲ್ಲ. ಅವತ್ತು ಅಂಗಡಿ ಮುಂದೆ ಹಾಳೆ ನಿಲ್ಲಿಸಿ, ಅದರ ಹಿಂದೆ ಗೋಣಿಚೀಲ ಹಾಸಿ, ಸೆರಗು ಸರಿಮಾಡಿಕೊಂಡು ಅಂಗಾತ ಮಲಗಿದೆ. ತಾತ ಆ ಕಡೆ ನಿಂತು ಕೂಗಿದರು: "ನಾನು ಕಾಣ್ತೀನಾ?"

"ಕಾಣ್ತೀರ."

"ರಸ್ತೆ?"

"ಇಲ್ಲ."

"ಲಾರಿ?"

"ಇಲ್ಲ ತಾತ. ನಿಮ್ಮ ಮುಖ, ಅದರ ಹಿಂದೆ ಆಕಾಶ."

ತಾತ ಜಾಲರಿ ಹಿಡಿದುಕೊಂಡು ನನ್ನನ್ನೇ ನೋಡುತ್ತಾ ನಿಂತರು. ಸ್ವಲ್ಪ ಹೊತ್ತಿಗೆ ಅವರ ಕಣ್ಣಲ್ಲಿ ನೀರು ಬಂತು. ಏಳುವುದೋ ಬೇಡವೋ ಗೊತ್ತಾಗದೆ ನಾನು ಹಾಗೇ ಮಲಗಿದ್ದೆ. ಎದುರಿನಿಂದ ಟೀಯವನು ನೋಡಿದ. ನಾನು ನೆಲದ ಮೇಲೆ ಅಂಗಾತ, ಪಕ್ಕದಲ್ಲಿ ತಾತ ಅಳುತ್ತಿದ್ದಾರೆ. "ಅಯ್ಯೋ ಅಕ್ಕ ಹೋಗ್ಬಿಟ್ರು!" ಎಂದು ಓಡಿಬಂದವನೇ ಲೋಟ ತೊಳೆದ ಬಕೆಟ್ ನೀರನ್ನು ಪೂರ್ತಿ ನನ್ನ ಮುಖಕ್ಕೆ ಸುರಿದ.

ಮೇಲುಗಡೆ

ಅಮಾವಾಸ್ಯೆಯ ಹಿಂದಿನ ದಿನ ನಾನೇ ವೆಲ್ಡರ್‌ನನ್ನು ಕರೆದುಕೊಂಡು ಹೋದೆ. ಆ ಕಡೆ ಈ ಕಡೆ ಎಲ್ಲ ಮಟ್ಟ ಮಾಡಿದ ಕೆಂಪು ನೆಲ, ಉದ್ದಕ್ಕೂ ನಂಬರ್ ಬರೆದ ಬಿಳಿ ಕಲ್ಲು. ಮೂಲೆಯಲ್ಲಿ ಮಣ್ಣಿನ ಒಂದು ಸಣ್ಣ ದಿಬ್ಬ, ಅದರ ಮೇಲೆ ಹಸಿ ಕುಂಕುಮ, ಕನಕಾಂಬರ. ಜೆಸಿಬಿ ಆಗಲೇ ಬಂದು ದೂರದಲ್ಲಿ ನಿಂತಿತ್ತು.

ನಾಲ್ಕೂ ಕಡೆ ಆಳೆತ್ತರಕ್ಕೆ ಜಾಲರಿ ನಿಂತಿತು. ಓರೆ ಒಂದು ಕೂದಲೆಳೆಯೂ ತಪ್ಪಿರಲಿಲ್ಲ. ತಾತ ಸುತ್ತು ಹಾಕಿ, ನಾಲ್ಕು ಕಡೆಯೂ ನಿಂತು ಒಳಗೆ ನೋಡಿದರು. ಮುಖ ಅರಳಿತು.

"ಬಲೇ ಗಟ್ಟಿಗಿತ್ತಿ ಕಣಮ್ಮ ನೀನು. ಇನ್ನವಳಿಗೆ ಏನೂ ಗೊತ್ತಾಗಕ್ಕಿಲ್ಲ."

ನನಗೂ ಹೆಮ್ಮೆಯಾಯಿತು. ಅಷ್ಟರಲ್ಲಿ ದಕ್ಷಿಣದ ಕಡೆಯಿಂದ ಸದ್ದು ಕೇಳಿಸಿತು. ಏರ್‌ಪೋರ್ಟ್ ಆಗತಾನೇ ಶುರುವಾಗಿತ್ತು. ಆ ಕಡೆಯಿಂದ ಎದ್ದ ವಿಮಾನ ಅಷ್ಟು ತಗ್ಗಿನಲ್ಲಿ ಹಾದುಹೋಗುವುದನ್ನು ನಾವು ಮೂವರೂ ಅದೇ ಮೊದಲು ನೋಡಿದ್ದು. ಅದರ ನೆರಳು ದಿಬ್ಬದ ಮೇಲೆ ಹಾದುಹೋಯಿತು, ಜಾಲರಿಯೆಲ್ಲ ನಡುಗಿತು.

ತಾತ ಬಾಯಿ ತೆರೆದುಕೊಂಡು ಮೇಲೆ ನೋಡಿದರು. ನಾನೂ ನೋಡಿದೆ.

"ಮೇಲುಗಡೆ ಬಿಟ್ಬಿಟ್ವಲ್ಲಮ್ಮ!" ಅಂದರು.

ಎಲ್ಲ ಅಳತೆಯನ್ನೂ ತೆಗೆದುಕೊಂಡಿದ್ದೆ. ಮಲಗಿಯೂ ನೋಡಿದ್ದೆ. ಆಕಾಶ ಕಾಣುತ್ತದೆ ಎಂದು ನನ್ನ ಬಾಯಿಂದಲೇ ಹೇಳಿದ್ದೆ. ವೆಲ್ಡರ್‌ನ ಮುಖ ನೋಡಿದೆ. ಅವನು ತನ್ನ ಕಪ್ಪು ಕನ್ನಡಕವನ್ನು ಮತ್ತೆ ಹಾಕಿಕೊಂಡ.

ತಾತ ಜಾಲರಿಗೆ ಬಾಯಿ ಹತ್ತಿರ ಇಟ್ಟು ಮೆಲ್ಲಗೆ ಅಂದರು: "ಏನಿಲ್ಲ ಕಣೇ. ಗುಡುಗು. ಮುಂಗಾರು ಬತ್ತಾ ಐತೆ, ಮನಿಕ್ಕೋ."

ಆಕಾಶದಲ್ಲಿ ಅಂಗೈಯಗಲ ಮೋಡವೂ ಇರಲಿಲ್ಲ. ನಮ್ಮ ಸಾಮಾನು ಆಟೋಗೆ ತುಂಬುವಷ್ಟರಲ್ಲಿ ಇನ್ನೊಂದು ವಿಮಾನ ಬಂತು. ತಾತ ಅದು ಪೂರ್ತಿ ಹೋಗುವವರೆಗೂ ಕಾದರು. ಆಮೇಲೆ ಮತ್ತೆ ಬಗ್ಗಿದರು.

"ಈ ಸಲ ಮಳೆ ಭಾರಿ ಜೋರು ಕಣೇ. ರಾಗಿ ಚೆನ್ನಾಗಿ ಆಯ್ತದೆ."