ಶಾಕಾಹಾರಿ ಮೀನು ಬೇಕಾಗಿದೆ

ಮನುಷ್ಯರನ್ನು ಆರಿಸುವುದು ಸುಲಭ. ಕಷ್ಟವೇನಿದ್ದರೂ ಮೀನನ್ನು ಆರಿಸುವುದರಲ್ಲಿದೆ. ನನ್ನನ್ನು ನೋಡಲು ಬಂದ ದಿನ ನಮ್ಮ ಅತ್ತೆಯವರು ತಟ್ಟೆಯಲ್ಲಿದ್ದ ಚೂಡಾ ಮುಗಿಯುವ ಮೊದಲೇ ನನ್ನನ್ನು ಒಪ್ಪಿಬಿಟ್ಟಿದ್ದರು. ಅಂಥ ಚುರುಕು ತೀರ್ಮಾನದ ಮನೆತನ ಅಂಗೈ ಅಗಲದ ಮೀನು ಗೊತ್ತು ಮಾಡಲು ದಸರೆಗೆ ಕೂತಿದ್ದು ದೀಪಾವಳಿ ದಾಟಿದ ಮೇಲೆ ಎದ್ದಿತು. ಸೊಸೆಯಾದರೆ ಹೇಗೋ ಹೊಂದಿಕೊಳ್ಳುತ್ತಾಳೆ, ಮೀನಿಗೆ ಬುದ್ಧಿ ಹೇಳುವುದು ಆಗದ ಮಾತು ಎಂದು ಅವರು ಲೆಕ್ಕ ಹಾಕಿರಬೇಕು.

ಈ ತಂಟೆಗೆ ಮೂಲ ನನ್ನ ತಮ್ಮ. ಅವನದು ಔರಾದಿನಲ್ಲಿ ಗಾಜಿನ ಅಂಗಡಿ. ನಾವು ನೌಬಾದದಲ್ಲಿ ಹೊಸ ಮನೆ ಕಟ್ಟಿಸಿದಾಗ ಉಡುಗೊರೆಯೆಂದು ತಾನೇ ಗಾಜು ಕೊಯ್ದು ಕೂಡಿಸಿದ ದೊಡ್ಡ ಮೀನಿನ ತೊಟ್ಟಿಯೊಂದನ್ನು ಕೌದಿಯಲ್ಲಿ ಸುತ್ತಿ, ಟೆಂಪೋದಲ್ಲಿ ತಂದು ಪಡಸಾಲೆಯಲ್ಲಿ ಇಳಿಸಿ, ಊಟ ಮಾಡಿ ಹೋಗಿಬಿಟ್ಟ. ಖಾಲಿ ತೊಟ್ಟಿ ಎಷ್ಟು ದಿನ ಖಾಲಿ ಇದ್ದೀತು? ಮೊದಲು ಬೀಗದ ಕೈ ಬಿದ್ದವು, ಆಮೇಲೆ ಹಳೆಯ ಪೇಪರು, ಕೊನೆಗೆ ಈರುಳ್ಳಿ. ಪಕ್ಕದ ಮನೆಯವರು ಬಂದು, "ಉಳ್ಳಾಗಡ್ಡಿಗೆ ಇಷ್ಟು ಛಲೋ ಕಪಾಟ ಎಲ್ಲಿ ಸಿಕ್ತ್ರಿ?" ಎಂದು ಕೇಳಿದ ದಿನ, ಇನ್ನು ಮೀನು ತರದೆ ಮರ್ಯಾದೆ ಉಳಿಯುವುದಿಲ್ಲ ಎಂದು ಗೊತ್ತಾಯಿತು.

ನಾನು ಭಾಲ್ಕಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮೀನಿನ ಕಿವಿರು, ಹೃದಯ, ಗಾಳಿಚೀಲಗಳನ್ನು ಕಣ್ಣು ಮುಚ್ಚಿ ಬೋರ್ಡಿನ ಮೇಲೆ ಬಿಡಿಸಬಲ್ಲೆ. ಆದರೆ ನಾನು ಹತ್ತಿರದಿಂದ ಬಲ್ಲ ಮೀನುಗಳೆಲ್ಲ ಫಾರ್ಮಲಿನ್ ಬಾಟಲಿಯಲ್ಲಿ ನಿಂತಂಥವು. ಅವು ಏನನ್ನೂ ಬೇಡುವುದಿಲ್ಲ, ಯಾರೊಡನೆಯೂ ಜಗಳವಾಡುವುದಿಲ್ಲ. ಜೀವಂತ ಮೀನಿನ ಸಹವಾಸ ನನಗೂ ಹೊಸದು. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದುದು ಮೀನೇ ಅಲ್ಲ, ಗಿಡ. ನಮ್ಮ ಬಿಸಿಲಿನಲ್ಲಿ ಬಸ್ಸಿಳಿದು ಕೆಂಪು ಧೂಳಿನೊಂದಿಗೆ ಮನೆಗೆ ಬಂದರೆ ಗಾಜಿನೊಳಗೊಂದು ಹಸಿರು ತೋಟ ತಣ್ಣಗೆ ತೂಗುತ್ತಿರಬೇಕು. ನಡುನಡುವೆ ನಾಚಿಕೆಯ ಪುಟ್ಟ ಮೀನು ಒಂದಿಷ್ಟು ಹಣಿಕಿ ಹಾಕಿದರೆ ಸಾಕು. ನಮ್ಮ ಯಜಮಾನರು ರೇವಣಪ್ಪನವರದು ಬೇರೆಯೇ ಆಸೆ. ಟ್ರ್ಯಾಕ್ಟರ್ ಮಾರುವ ಕೆಲಸ ಅವರದು. ಚಿಕ್ಕದು ಯಾವುದೂ ಕಣ್ಣಿಗೆ ಹಿಡಿಸುವುದಿಲ್ಲ. "ಒಂದೇ ಇರಲಿ, ದೊಡ್ಡದಿರಲಿ. ನೋಡಿದವ್ರು ಹಿಂದ ಸರೀಬೇಕು," ಎಂದರು.

ಅತ್ತೆಯವರು ಹಲಬರ್ಗಾದ ಕುರಿ ಸಾಕುವ ಮನೆತನದವರು. ಒಂದು ಕಾಲಕ್ಕೆ ಅವರ ಕೈಯ ಮಟನ್ ಸಾರಿಗೆ ಸುತ್ತಲ ಊರುಗಳಲ್ಲಿ ಹೆಸರಿತ್ತಂತೆ. ಪಂಢರಪುರಕ್ಕೆ ಹೋಗಿ ತುಳಸಿ ಮಾಲೆ ಹಾಕಿಸಿಕೊಂಡು ಬಂದ ಮೇಲೆ ಮನೆಯೊಳಗೆ ಮೊಟ್ಟೆಯ ಸಿಪ್ಪೆಯೂ ಸುಳಿದಿಲ್ಲ. ಅವರು ನಮ್ಮಿಬ್ಬರ ವಾದವನ್ನೂ ಸಮಾಧಾನದಿಂದ ಕೇಳಿ ಒಂದೇ ಮಾತು ಹೇಳಿದರು: "ಮೀನ ಬರಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ಮಾಲಿ ಹಾಕ್ಕೊಂಡವ್ರ ಮನಿ ಇದು. ಬರೋ ಮೀನ ಶಾಕಾಹಾರಿ ಇರಬೇಕು. ಒಂದು ಹುಳ ತಿಂದದ್ದು ಕಂಡ್ರೂ ಅವತ್ತೇ ಹೊರಗ."

ಒಂದು ಭಾನುವಾರ ಮೂವರೂ ಬೀದರಿನ ಮೀನಿನ ಅಂಗಡಿಗೆ ಹೋದೆವು. ಅಂಗಡಿಯ ಖಾಜಾಭಾಯ್ ಸ್ಟೂಲು ಹಾಕಿ ಅತ್ತೆಯವರನ್ನು ಕೂರಿಸಿದರು. ಯಜಮಾನರು ನೇರ ಹೋಗಿ, ಹಣೆಯ ಮೇಲೆ ಬೋರೆಕಾಯಿಯಷ್ಟು ಉಬ್ಬು ಇದ್ದ, ಸಿಟ್ಟಿನ ಮುಖದ ಮೀನೊಂದರ ಮುಂದೆ ನಿಂತುಬಿಟ್ಟರು. "ಇದರ ಮೇಂಟೆನೆನ್ಸ್ ಹ್ಯಾಂಗ್ರಿ?" ಎಂದು ಕೇಳಿದ ಧಾಟಿ ನೋಡಿದರೆ ಅದಕ್ಕೆ ಟ್ರಾಲಿ ಕಟ್ಟುವ ಅಂದಾಜಿದ್ದಂತಿತ್ತು.

"ಏನ್ ತಿಂತದ?" ಅತ್ತೆಯವರ ಪ್ರಶ್ನೆ ಸ್ಟೂಲಿನಿಂದಲೇ ಬಂತು.

"ಸಣ್ಣ ಮೀನ ಹಾಕಿದ್ರ ಭಾಳ ಖುಷ್ ಆಗ್ತದ ಅಮ್ಮಾಜಿ," ಎಂದರು ಖಾಜಾಭಾಯ್.

"ಮುಂದಿಂದು ತೋರಸ್ರಿ."

ನಾನು ಆಸೆಪಟ್ಟ ನೀಲಿ ಗೆರೆಯ ಪುಟ್ಟ ಮೀನುಗಳಿಗೂ ಒಣಹುಳುವಿನ ರುಚಿಯಿದೆಯೆಂದು ತಿಳಿದು ಅವೂ ಪಟ್ಟಿಯಿಂದ ಹೊರಬಿದ್ದವು. ಅತ್ತೆಯವರು ಎದ್ದು ತೊಟ್ಟಿಯಿಂದ ತೊಟ್ಟಿಗೆ, ಸಂತೆಯಲ್ಲಿ ಟಗರು ನೋಡುವವರ ಹಾಗೆ ಸುತ್ತು ಹಾಕಿದರು. ಒಂದರ ಬೆನ್ನು ನೋಡಿ ಸೊರಗಿದೆ ಎಂದರು, ಇನ್ನೊಂದರ ಹಲ್ಲು ತೋರಿಸಿರೆಂದು ಕೇಳಿದರು. ಕೊನೆಗೆ ಮೂಲೆಯ ತೊಟ್ಟಿಯ ಮುಂದೆ ನಿಂತರು. ಅಲ್ಲಿ ಬೆಳ್ಳಿಯ ತಟ್ಟೆಗಳ ಹಾಗೆ ದುಂಡಗೆ ಹೊಳೆಯುವ ಮೀನುಗಳು ಒಂದರ ಹಿಂದೊಂದು ಗುಂಪಾಗಿ ತಿರುಗುತ್ತಿದ್ದವು.

"ಸಿಲ್ವರ್ ಡಾಲರ್ ರಿ ಅಮ್ಮಾಜಿ. ಪಕ್ಕಾ ಶಾಕಾಹಾರಿ. ಪಾಲಕ್ ಹಾಕ್ರಿ, ಮೆಂತ್ಯಾ ಹಾಕ್ರಿ, ಬಿಲ್ಕುಲ್ ಶರೀಫ್ ಮೀನ, ಯಾರ ತಂಟಿಗೂ ಹೋಗಂಗಿಲ್ಲ."

"ಹಿಂಡಿನಾಗ ಅಡ್ಡಾಡ್ತಾವ, ನೋಡು. ಕುರಿ ಹಂಗ," ಎಂದು ಅತ್ತೆಯವರು ಮುಖ ಅರಳಿಸಿದರು. ಅಲ್ಲಿಗೆ ಮೀನು ಖಾಯಂ ಆಯಿತು. ನಾನೂ ಬಿಡಲಿಲ್ಲ, ರಿಬ್ಬನ್ನಿನಂಥ ಎಲೆಯ ವ್ಯಾಲಿಸ್ನೇರಿಯಾ, ನವಿಲುಗರಿಯಂಥ ಕಬೊಂಬಾ, ಕೈಗೆ ಸಿಕ್ಕ ಹಸಿರನ್ನೆಲ್ಲ ಚೀಲ ತುಂಬ ಕಟ್ಟಿಸಿದೆ. ಸಸ್ಯಾಹಾರಿ ಪ್ರಾಣಿ ಎಂದರೆ ಸಸ್ಯವನ್ನು ಆಹಾರ ಮಾಡಿಕೊಂಡ ಪ್ರಾಣಿ ಎಂದು ಪ್ರತಿವರ್ಷ ನೋಟ್ಸ್ ಬರೆಸುವ ನನಗೆ, ಒಂದು ಕೈಯಲ್ಲಿ ಮೀನು ಇನ್ನೊಂದು ಕೈಯಲ್ಲಿ ಗಿಡ ಹಿಡಿದು ಆಟೋ ಹತ್ತುವಾಗ ಏನೂ ಹೊಳೆಯಲಿಲ್ಲ.

ಮೀನುಗಳನ್ನು ಮೊದಲು ಬಕೆಟ್ಟಿನಲ್ಲಿಟ್ಟು ಗಿಡ ನೆಟ್ಟೆ. ಮರಳು ತೊಳೆದು ಹಾಸಿ, ಎತ್ತರದವು ಹಿಂದೆ, ಗಿಡ್ಡವು ಮುಂದೆ, ಬೇರು ನೋಯದ ಹಾಗೆ ಒಂದೊಂದನ್ನೂ ಊರಿ ದೀಪ ಹಾಕಿದಾಗ ನನ್ನ ತೋಟ ನನಗೇ ನಂಬಲಾಗದಷ್ಟು ಚೆಂದವಿತ್ತು. ಸಂಜೆ ಅತ್ತೆಯವರು ಗಾಜಿಗೆ ಕುಂಕುಮ ಹಚ್ಚಿದರು; ಮೀನುಗಳನ್ನು ಒಳಗೆ ಬಿಟ್ಟೆವು.

ಮರುದಿನ ಬೆಳಿಗ್ಗೆ ನೋಡಿದರೆ ತೋಟವಿದ್ದ ಜಾಗದಲ್ಲಿ ಕಡ್ಡಿಗಳು ನಿಂತಿದ್ದವು. ಅತ್ತೆಯವರು ಜಪದ ಮಣಿ ಹಿಡಿದುಕೊಂಡೇ ಬಂದು ಇಣುಕಿದರು. "ಕಡ್ಲಿ ಹೊಲದಾಗ ಕುರಿ ಹೊಕ್ಕಂಗ ಆಗ್ಯಾದ," ಎಂದರು. ಅವರ ದನಿಯಲ್ಲಿದ್ದುದು ದುಃಖವಲ್ಲ, ಹೆಮ್ಮೆ. "ಖಾಜಾಭಾಯ್ ಖರೇನೇ ಹೇಳ್ಯಾನ ನೋಡು. ಎಂಥಾ ಶಾಕಾಹಾರಿ!"

ಮತ್ತೆ ಗಿಡ ತಂದೆ, ಮತ್ತೆ ಮೇಯ್ದವು. ದಪ್ಪ ಎಲೆಯವನ್ನು ತಂದರೆ ಬೇರುಸಹಿತ ಕಿತ್ತು ತೇಲಿಬಿಟ್ಟವು. ಮೀನು ವಾಪಸ್ ಕೊಟ್ಟು ಬೇರೆ ತರೋಣ ಎಂದೆ. "ಬಾಗಿಲಿಗೆ ಬಂದವ್ರನ್ನ ಹ್ಯಾಂಗ ಹೊರಗ ಹಾಕ್ತೀ? ಅವರೇನ್ ತಪ್ಪ ಮಾಡ್ಯಾರ?" ಎಂದು ಅತ್ತೆಯವರು ತಿರುಗಿಬಿದ್ದರು. ಯಜಮಾನರ ಕಡೆ ನೋಡಿದೆ. ಅವರು ಟಿವಿಯ ಕಡೆ ನೋಡಿದರು.

ನನಗೆ ಉಳಿದದ್ದು ಒಂದೇ ದಾರಿ. ಪುಸ್ತಕ ತೆಗೆದು ನೋಡಿದರೆ ಈ ಶರೀಫ್ ಮೀನುಗಳೂ ಸಿಕ್ಕರೆ ಹುಳು ಬಿಡುವುದಿಲ್ಲವಂತೆ. ಒಂದು ಸಲ ಅತ್ತೆಯವರ ಕಣ್ಣೆದುರಿಗೆ ಒಂದು ಸೊಳ್ಳೆಯನ್ನಾದರೂ ನುಂಗಲಿ, ಅವರದೇ ಕಾನೂನಿನಂತೆ ಅವತ್ತೇ ಹೊರಗೆ! ಅಂದಿನಿಂದ ನಾನು ಕಾಲೇಜಿನಿಂದ ಬಂದವಳು ಚಪ್ಪಲಿ ಬಿಡುತ್ತಲೇ ಪೊಲೀಸರ ಹಾಗೆ ತೊಟ್ಟಿಯನ್ನು ಕಾಯತೊಡಗಿದೆ.

ಕಾಯುತ್ತ ಕೂತಾಗ ಬೇರೆಯದೂ ಕಣ್ಣಿಗೆ ಬಿತ್ತು. ಹೊಸ ಮನೆಗೆ ಬಂದಾಗಿನಿಂದ ಅತ್ತೆಯವರಿಗೆ ಕೈಗೆ ಕೆಲಸವಿರಲಿಲ್ಲ. ಜೀವನವಿಡೀ ಹಿಂಡಿಗೆ ಮೇವು ಹಾಕಿದವರು ಇಲ್ಲಿ ಟೈಲ್ಸಿನ ಮೇಲೆ ಕಾಲು ಜಾರೀತೆಂದು ಕುರ್ಚಿ ಹಿಡಿದು ಕೂತಿದ್ದರು. ಈಗ ಬೆಳಗಾದರೆ ಪಾಲಕ್ ಸೋಸುತ್ತಾರೆ, ತೊಳೆಯುತ್ತಾರೆ, ಎಲೆ ಹಿಡಿದು ನೀರಿನ ಮೇಲೆ ಆಡಿಸುತ್ತಾರೆ. ಅವರ ಬಳೆಯ ಸದ್ದಿಗೆ ಮೀನುಗಳೆಲ್ಲ ಮೇಲೆ ಬರುತ್ತವೆ. "ಬಂದ್ರ್ಯಾ ನನ್ನವ್ವಗೋಳ್ರ್ಯಾ," ಎಂದು ನಗುತ್ತಾರೆ. ನನ್ನನ್ನು ಒಪ್ಪಿದ ದಿನವೂ ಅವರು ಇಷ್ಟು ನಕ್ಕಿರಲಿಲ್ಲ.

ಮಳೆ ಶುರುವಾದ ಒಂದು ಸಂಜೆ ರೆಕ್ಕೆಹುಳುಗಳು ತೊಟ್ಟಿಯ ದೀಪಕ್ಕೆ ಮುತ್ತಿದವು. ಒಂದು ಹುಳು ಮುಚ್ಚಳದ ಸಂದಿಯಿಂದ ಜಾರಿ ನೀರಿಗೆ ಬಿತ್ತು. ಚಳಕ್ಕನೆ ಸದ್ದಾಯಿತು, ಹುಳು ಇಲ್ಲ. ಇನ್ನೊಂದು ಬಿತ್ತು, ಅದೂ ಇಲ್ಲ. ಶರೀಫರೆಲ್ಲ ಬಾಯಿ ತೆರೆದು ಮೇಲೆಯೇ ನಿಂತುಬಿಟ್ಟರು. ನಾನು ಗೆಲುವಿನಿಂದ ಅತ್ತೆಯವರ ಕಡೆ ತಿರುಗಿದೆ. ಅವರು ತೊಟ್ಟಿಯನ್ನೇ ನೋಡುತ್ತಿದ್ದರು. ಮುಖ ಬಿಳಿಚಿಕೊಂಡಿತ್ತು.

"ಏನ್ ಬಿತ್ತದು ಸುನೀತಾ? ನಾ ಚಾಳೀಸ ಹಾಕ್ಕೊಂಡಿಲ್ಲ," ಎಂದರು.

ಚಾಳೀಸು ಅವರ ಮೂಗಿನ ಮೇಲೆಯೇ ಇತ್ತು.

ತಿಂಗಳುಗಟ್ಟಲೆ ಕಾದ ಮಾತು ನನ್ನ ನಾಲಿಗೆಯ ತುದಿಯವರೆಗೂ ಬಂತು. ಆದರೆ ಹೊರಗೆ ಬಂದದ್ದು ಬೇರೆ. "ಏನಿಲ್ರಿ ಅತ್ತೀ, ಎಲಿ ಚೂರು."

"ನಾನೂ ಅದೇ ಅಂದ್ಕೊಂಡೆ," ಎಂದು ಅವರು ದೊಡ್ಡ ಉಸಿರು ಬಿಟ್ಟರು. "ನೀ ಕಾಲೇಜಿನಾಗ ಕಲಸಾಕಿ. ನಿನಗ ಗೊತ್ತಿರ್ತದ."

ಮರುದಿನ ಭಾಲ್ಕಿಯ ತರಗತಿಯಲ್ಲಿ ಕೀಟಗಳ ಪಾಠವಿತ್ತು. ಬೋರ್ಡಿನ ಮೇಲೆ ಆರು ಕಾಲು, ಎರಡು ಜೊತೆ ರೆಕ್ಕೆ ಬಿಡಿಸಿ ಎಂದಿನಂತೆ "ಇದೇನು?" ಎಂದು ಕೇಳಲು ಹೋದವಳು ಸುಮ್ಮನಾದೆ. ಯಾರಾದರೂ ಎಲೆ ಎಂದಿದ್ದರೆ ಪೂರ್ತಿ ಅಂಕ ಕೊಡಬೇಕಾಗುತ್ತಿತ್ತು.