ಎರಡು ಅಚ್ಚು, ಒಂದು ಭಾರ

“ಜಾಡಿ ಎಸೆಯೋದು ಬೇಡ ಅಂದ್ರೆ ಬೇಡ! ನನ್ನ ಕಲ್ಲನ್ನೇ ಎಸೆಯೋಣ.”

“ನಿನ್ನ ಕಲ್ಲು ಯಾಕೆ, ಡ್ವೇನ್? ನನ್ನ ಉಪ್ಪಿನಕಾಯಿ ಜಾಡಿಗಳೇ ಹೋಗ್ಲಿ ಬಿಡು.”

ಆರಿಜೋನಾದ ಮರುಭೂಮಿಯಲ್ಲಿ ಚಳಿಗಾಲ ಕಳೆದು ಮಿನೆಸೋಟಾದ ಮನೆಗೆ ಹೊರಟ ಗಂಡಹೆಂಡಿರ, ಚಕ್ರದ ಮೇಲಿನ ಮನೆಯಂಥ ಎರಡು ಅಚ್ಚಿನ ಟ್ರೇಲರು ಹೆದ್ದಾರಿಯ ಅಂಚಿನಲ್ಲಿ ನಿಂತಿತ್ತು. ಎಡಗಡೆಯ ಹಿಂದಿನ ಟೈರು ಸಿಡಿದು ಚಿಂದಿಯಾಗಿ, ಇದ್ದೊಂದು ಸ್ಟೆಪ್ನಿ ಅದರ ಜಾಗಕ್ಕೆ ಬಂದಿತ್ತು. ಅಷ್ಟರಲ್ಲಿ ಅದರ ಮುಂದಿನ ಟೈರು, ಜೊತೆಗಾರನ ಪಾಲಿನ ಭಾರವನ್ನೂ ಹೊತ್ತ ತಪ್ಪಿಗೆ, ಪಕ್ಕೆಯಲ್ಲಿ ಗುಳ್ಳೆ ಎಬ್ಬಿಸಿಕೊಂಡಿತ್ತು. ಅದೂ ಹೋದರೆ ಹಾಕಲು ಇನ್ನೊಂದಿಲ್ಲ. ಭಾರ ಇಳಿಸದೆ ಮುಂದಿನ ಊರು ಕಾಣುವಂತಿರಲಿಲ್ಲ.

ಡ್ವೇನನ ಔದಾರ್ಯಕ್ಕೆ ಕಾರಣವಿತ್ತು. ಹಿಂದಿನ ದಿನ ಭಾರ ಕಡಿಮೆಯಾಗಲೆಂದು ಹೆಂಡತಿಯ ಕಣ್ಣುತಪ್ಪಿಸಿ, ಜಾಡಿಗಳನ್ನೆಲ್ಲ ಬಿಡಾರದಲ್ಲಿ ಪಕ್ಕದ ಟ್ರೇಲರಿನ ಲಾವೋನಳಿಗೆ ದಾನ ಮಾಡಿಬಿಟ್ಟಿದ್ದ. ಆದರೆ ಇವಳಿಗೇನು ಬಂತು? ಅವನು ಆಯ್ದು ತಂದ ಕಲ್ಲಿನ ರಾಶಿಯನ್ನು ಇಷ್ಟು ವರ್ಷ ‘ಸವತಿ’ ಎಂದೇ ಕರೆದ ಮಾರ್ಲಿಸ್!

“ನೀನು ಬೇಸಿಗೆಯೆಲ್ಲ ಒಲೆ ಮುಂದೆ ಬೆಂದು ಹಾಕಿದ ಉಪ್ಪಿನಕಾಯಿ ಕಣೆ ಅದು.”

“ನೀನು ಬಿಸಿಲಲ್ಲಿ ಬಗ್ಗಿ ಬಗ್ಗಿ ಆಯ್ದ ಕಲ್ಲು ಮಾರಾಯ. ಸರಿ, ಜಾಡಿ ತರ್ತೀನಿ.”

“ಬೇಡ! ಕಪಾಟು ತೆಗೀಬೇಡ!”

“ಹಾಗಿದ್ರೆ ನೀನೂ ಮಂಚದ ಕೆಳಗಿನ ಪೆಟ್ಟಿಗೆ ಮುಟ್ಟಬೇಡ!”

ಇಬ್ಬರೂ ಒಬ್ಬರನ್ನೊಬ್ಬರು ದಿಟ್ಟಿಸಿದರು. ಮರುಗಳಿಗೆಯಲ್ಲಿ ಅವಳು ಕಪಾಟಿಗೂ ಅವನು ಪೆಟ್ಟಿಗೆಗೂ ಓಡಿದರು. ಎರಡೂ ಬರಿದು.

“ಮಾರ್ಲಿಸ್! ನನ್ನ ಕಲ್ಲು?”

“ಮರುಭೂಮೀಲಿ ಸಿಕ್ಕಿದ್ದು ತಾನೆ? ಮರುಭೂಮಿಗೇ ಬಿಟ್ಟೆ. ನನ್ನ ಜಾಡಿ?”

“...ಲಾವೋನ್‌ಗೆ.”

“ಓಹೋ! ಅದಕ್ಕೇನಾ ಹೊರಡುವಾಗ ಅವಳು ನನ್ನ ಅಷ್ಟು ಹೊತ್ತು ತಬ್ಬಿಕೊಂಡಿದ್ದು!”

ಡ್ವೇನ್ ತಲೆ ಕೆರೆದುಕೊಂಡ. “ಅಲ್ಲ, ಕಲ್ಲೂ ಇಲ್ಲ, ಜಾಡಿಯೂ ಇಲ್ಲ. ಮತ್ತೆ ಟೈರು ಯಾವ ಭಾರಕ್ಕೆ ಸಿಡೀತು?”

ಉತ್ತರವೆಂಬಂತೆ, ಭಾರಿ ಲಾರಿಯೊಂದು ಹಾದುಹೋದ ಗಾಳಿಗೆ ಟ್ರೇಲರು ಓಲಾಡಿತು. ಅದರ ಹೊಟ್ಟೆಯೊಳಗಿಂದ ‘ಗುಳುಗುಳು’ ಎಂಬ ಗಂಭೀರ ಸದ್ದು ಕೇಳಿಸಿತು.

ಮಾರ್ಲಿಸಳ ಹುಬ್ಬು ಮೇಲೇರಿತು. “ಡ್ವೇನ್, ಹೊರಡೋ ಮುಂಚೆ ಕಕ್ಕಸಿನ ಟ್ಯಾಂಕು ಖಾಲಿ ಮಾಡಿದೆ ತಾನೆ?”

“ಖಾಲಿ ಮಾಡೋ ಕಡೆ... ಉದ್ದ ಸಾಲಿತ್ತು ಕಣೆ.”

ಅವಳು ಗುಳ್ಳೆ ಎದ್ದ ಟೈರನ್ನು ನೋಡಿದಳು, ಗಂಡನನ್ನು ನೋಡಿದಳು.

“ನಿಧಾನ ಓಡಿಸು. ದಾರೀಲಿ ಎಲ್ಲಾದ್ರೂ ಖಾಲಿ ಮಾಡೋ ಜಾಗ ಸಿಕ್ಕೀತು.”

“ಕೋಪ ಇಲ್ಲ ತಾನೆ?”

“ಕೋಪ ಮಾಡ್ಕೊಂಡು ಏನು ಮಾಡ್ಲಿ? ಈ ಸಲ ನಿನ್ನದು ಯಾವುದು, ನನ್ನದು ಯಾವುದು ಅಂತ ಬೇರೆ ಮಾಡೋಕೂ ಆಗಲ್ಲ!”