ನಾಲ್ಕೂ ಸ್ಲಾಟ್ ತುಂಬಿಸಿದವರು

ಒಂದೇ ಮಾತನ್ನು ಎಷ್ಟು ಸಲ ಹೇಳಬೇಕಾಗುತ್ತದೆ ಎನ್ನುವುದಕ್ಕೆ ನನ್ನ ಕಸುಬಿನಲ್ಲಿ ಮಿತಿಯೇ ಇಲ್ಲ. ಬೈಲಹೊಂಗಲದ ಬಸ್‌ಸ್ಟ್ಯಾಂಡ್ ಹಿಂದೆ ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿದ್ದೇನೆ. ಈಗೀಗ ಬರುವ ತಕರಾರು ಒಂದೇ. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿ ರ‍್ಯಾಮ್ ಎಂಬ ನೆನಪಿನ ಪಟ್ಟಿ ಸಿಕ್ಕಿಸಲು ನಾಲ್ಕು ಸ್ಲಾಟ್ ಇರುತ್ತವೆ. ಎರಡರಲ್ಲಿ ಹಾಕಿದರೆ ಡಬ್ಬಿಯ ಮೇಲೆ ಬರೆದ ವೇಗದಲ್ಲಿ ಓಡುತ್ತದೆ. ನಾಲ್ಕೂ ತುಂಬಿಸಿದರೆ ಹೊರೆ ಹೆಚ್ಚಾಗಿ ಬೋರ್ಡು ತಾನೇ ವೇಗ ಇಳಿಸುತ್ತದೆ. ಹಟ ಹಿಡಿದು ಏರಿಸಿದರೆ ನಡುವೆಯೇ ನಿಂತುಬಿಡುತ್ತದೆ. ತಪ್ಪು ಯಾರದೂ ಅಲ್ಲ, ಅದರ ಕಸುವೇ ಅಷ್ಟು.

ಸಂಗತಿ ಇಷ್ಟೇ. ಇದನ್ನು ಹೇಳಲಿಕ್ಕೆ ಕಿತ್ತೂರು, ಸವದತ್ತಿ, ರಾಮದುರ್ಗದ ಬಸ್ಸು ಹತ್ತಿ ಇಳಿದು ನನ್ನ ಮೊಣಕಾಲು ಸವೆದಿವೆ. ಕೇಳಿದವರು ಏನು ತಿಳಿದುಕೊಂಡರು ಎಂಬುದು ಬೇರೆ ಮಾತು.

ಫೋಟೊ ಸ್ಟುಡಿಯೊ

ನಮ್ಮೂರಿನಲ್ಲೇ ಸ್ಟುಡಿಯೊ ಇಟ್ಟವರೊಬ್ಬರು ಮದುವೆಯ ವಿಡಿಯೊ ಜೋಡಿಸುವ ಕಂಪ್ಯೂಟರನ್ನು ಬೈಕಿನ ಟ್ಯಾಂಕಿನ ಮೇಲೆ ಕೂಸಿನಂತೆ ಕೂರಿಸಿಕೊಂಡು ತಂದರು. ಮೊದಲು ಎರಡು ರ‍್ಯಾಮ್ ಇತ್ತು. ಇನ್ನೆರಡನ್ನು ತಾವೇ ತರಿಸಿ ಹಾಕಿದ್ದರು.

"ಎರಡಿದ್ದಾಗ ಆರು ಸಾವಿರ ಸ್ಪೀಡ್ ತೋರಸ್ತಿತ್ತು. ನಾಲ್ಕು ಮಾಡಿದ ಮ್ಯಾಲ ಮೂರು ಸಾವಿರದ ಆರನೂರು ತೋರಸಾಕತ್ತೈತಿ. ದುಡಿಯಾವ್ರು ಹೆಚ್ಚಾದ್ರ ಕೆಲಸ ಕಡಿಮಿ ಆಗೂದು ಎಲ್ಲೆರ ಐತೇನ್ರಿ?"

ಐತಿ ಎಂದೆ. "ಸಣ್ಣ ಬಾಗಲದಾಗಿಂದ ಮಂಚ ಹೊರಗ ತರೂದು ನೋಡೀರಿಲ್ಲೊ? ಇಬ್ಬರು ಹಿಡದ್ರ ಲಗೂ ತರತಾರು. ನಾಲ್ಕು ಮಂದಿ ಹಿಡದ್ರ ದೊಡ್ಡ ಮಂಚ ತರಬಹುದು, ಖರೆ ಒಬ್ಬರ ಕಾಲಿಗೆ ಒಬ್ಬರು ತೊಡರತಾರು. ನಿಧಾನ ಹೆಜ್ಜಿ ಇಡಬೇಕಾಗತೈತಿ."

ಅವರು ತಲೆಯಾಡಿಸಿದರು. ಚಹಾ ತರಿಸಿದರು. ಪರವಾಗಿಲ್ಲ, ಒಬ್ಬರಿಗಾದರೂ ತಿಳಿಯಿತು ಎಂದು ನಾನು ಸಮಾಧಾನಪಟ್ಟುಕೊಂಡೆ.

ಆಮೇಲೆ ದನಿ ತಗ್ಗಿಸಿ ಹೇಳಿದರು, "ಹಂಗಾರ ಒಂದ ಕೆಲಸ ಮಾಡ್ರಿ. ಹೊಸಾ ಎರಡನ್ನ ಮೊದಲಿನ ಎರಡಕ್ಕ ಗೊತ್ತಾಗದಂಗ ಹಾಕ್ರಿ."

ಕಪ್ಪು ಪರದೆ

ಸವದತ್ತಿಯಲ್ಲಿ ನಿವೃತ್ತ ಸಂಸ್ಕೃತ ಮಾಸ್ತರರಿದ್ದಾರೆ. ಮನೆತನದ ಹಸ್ತಪ್ರತಿಗಳನ್ನು ಹಾಳೆಹಾಳೆಯಾಗಿ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಹಾಳೆ ಉದುರಿ ಹೋಗುವ ಮೊದಲು ಮುಗಿಸಬೇಕೆಂಬ ಆತುರ ಅವರದು. ವೇಗ ಕಡಿಮೆಯಾದರೂ ನಡೆದೀತು, ಒಮ್ಮೆಗೇ ಹೆಚ್ಚು ಹಾಳೆ ತೆರೆದಿಡುವಂತಿರಬೇಕು ಎಂದರು. ನಾಲ್ಕೂ ಸ್ಲಾಟ್ ತುಂಬಿಸಿ ಬಂದೆ.

ಮರುದಿನ ಫೋನು. "ಪರದೆ ಕರ್ರಗದ. ಬಟನ್ ಒತ್ತಿ ಆರಿಸಿ ಮತ್ತ ಹಚ್ಚಿದೆ. ಹಂಗ ಅದ. ಹನ್ನೊಂದು ಸಲ ಆತು."

"ಮಾಸ್ತರ, ಬಟನ್ ಮುಟ್ಟಬ್ಯಾಡ್ರಿ. ಅದು ನಾಲ್ಕೂ ಪಟ್ಟೀದು ಪರೀಕ್ಷಾ ಮಾಡಾಕತ್ತೈತಿ. ನಡುವ ಆರಿಸಿದ್ರ ಮತ್ತ ಮೊದಲಿಂದ ಶುರು ಮಾಡತೈತಿ."

"ಪರೀಕ್ಷಾ ಅಂದ್ರ ನನಗ ತಿಳೀತದ. ಎಷ್ಟು ಹೊತ್ತು?"

"ಹತ್ತು ನಿಮಿಷ ಕಣ್ಣು ಮುಚ್ಚಿ ಕುಂದರ್ರಿ."

ಕಣ್ಣು ಮುಚ್ಚಿ ಸುಮ್ಮನೆ ಕೂರುವುದು ಅವರಿಂದ ಆಗಲಿಲ್ಲವಂತೆ, ಸಹಸ್ರನಾಮ ಹಿಡಿದರಂತೆ. ಮುಗಿಯುವ ಹೊತ್ತಿಗೆ ಪರದೆ ಬಂದಿತ್ತು. ಅಂದಿನಿಂದ ದಿನಾಲೂ ಅದೇ ಪದ್ಧತಿಯಾಯಿತು. ಹಿರಿಯರು ದಿನಾ ಕಾಯುವುದು ನೋಡಿ ನನಗೇ ಕೆಡುಕೆನಿಸಿತು. ಮುನವಳ್ಳಿಗೆ ಹೋದಾಗ ಅವರ ಮನೆಗೂ ಹೋಗಿ, ಹಳೆಯ ಪರೀಕ್ಷೆಯ ಫಲಿತಾಂಶವನ್ನೇ ನೆನಪಿಟ್ಟುಕೊಳ್ಳುವ ಸೆಟ್ಟಿಂಗ್ ಹುಡುಕಿ ಹಾಕಿದೆ. ಅರ್ಧ ನಿಮಿಷಕ್ಕೆ ಪರದೆ ಬಂತು. ಬೆನ್ನು ತಟ್ಟಿಕೊಳ್ಳುತ್ತ ಬಸ್ಸು ಹತ್ತಿದೆ.

ಮೂರನೆಯ ದಿನ ಮತ್ತೆ ಫೋನು. ದನಿಯಲ್ಲಿ ಬೇಸರವಿತ್ತು.

"ಏನು ಮಾಡಿ ಹೋದ್ರಿ? ಇನ್ನೂ ಧ್ಯಾನಶ್ಲೋಕ ಮುಗದಿರೂದಿಲ್ಲ, ಪರದೆ ಬಂದು ಕುಂತುಬಿಡತದ. ಪಾರಾಯಣ ನಿಂತೇ ಹೋತು. ಮೊದಲಿನಂಗ ಮಾಡಿ ಕೊಡ್ರಿ."

ಹೋಗಿ ಮಾಡಿಕೊಟ್ಟೆ. ಕಂಪ್ಯೂಟರ್ ನಿಧಾನ ಮಾಡಲಿಕ್ಕೆಂದೇ ಟಿಕೆಟ್ ತೆಗೆಸಿದ್ದು ಅದೊಂದೇ ಸಲ.

ಕಸೂತಿ ಮಷಿನ್ನಿನ ಮನೆ

ಕಿತ್ತೂರಿನಲ್ಲಿ ಒಬ್ಬ ಹೆಣ್ಣುಮಗಳು ಕಂಪ್ಯೂಟರಿನಲ್ಲಿ ಚಿತ್ರ ಬರೆದು ಮಷಿನ್ನಿನಿಂದ ಕುಬಸಕ್ಕೆ ಕಸೂತಿ ಹಾಕುತ್ತಾಳೆ. ನಾಲ್ಕು ರ‍್ಯಾಮ್ ಆದ ಮೇಲೆ ಅದು ನಡುನಡುವೆ ನಿಲ್ಲುತ್ತಿತ್ತು. ನಾನು ಹೋದಾಗ ಮದುಮಗಳ ಕುಬಸದ ಬೆನ್ನಿನ ಮೇಲೆ ನವಿಲು ಕುತ್ತಿಗೆಯವರೆಗೆ ಆಗಿ ನಿಂತಿತ್ತು. ಮದುವೆ ಎರಡು ದಿನಕ್ಕಿತ್ತು. ಅವಳ ಅತ್ತೆ ಪಕ್ಕದಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು.

ನಾನು ನನ್ನ ಮಾಮೂಲಿ ಪಾಠ ಶುರು ಮಾಡಿದೆ. ಅರ್ಧಕ್ಕೆ ತಡೆದು ಸೊಸೆ ಹೇಳಿದಳು, "ಅಂದ್ರ ಅಡಗಿ ಮನಿ ಇದ್ದಂಗ. ಇಬ್ಬರು ನಿಂತ್ರ ರೊಟ್ಟಿ ಪಟಪಟ ಆಗತಾವು. ನಾಲ್ಕು ಮಂದಿ ನಿಂತ್ರ ಕೈಗೆ ಕೈ ತಾಕಿ ಒಂದೂ ಬೇಯೂದಿಲ್ಲ."

ಇಪ್ಪತ್ತು ವರ್ಷದಲ್ಲಿ ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಖುಷಿಯಲ್ಲಿ ಬಾಯಿ ಬಿಟ್ಟೆ. "ಹಂಗ ನೋಡ್ರಿ ಅಕ್ಕಾರ. ಎರಡು ತಗದುಬಿಡೂಣು, ಮನಿ ತಣ್ಣಗಾಗತೈತಿ."

ಶೇಂಗಾ ಸುಲಿಯುವ ಸಪ್ಪಳ ನಿಂತಿತು. ಅತ್ತೆ ಕೇಳಿದರು, "ತಮ್ಮಾ, ಯಾವ್ನ ತಗೀತಿ? ಮೊದಲಿಂದ ಇದ್ದವನ್ನೊ, ಆಮ್ಯಾಲ ಬಂದವನ್ನೊ?"

ಸೊಸೆಯೂ ನನ್ನನ್ನೇ ನೋಡಿದಳು. ನಾನು ಕುಡಿಯಲಿಕ್ಕೆ ನೀರು ಕೇಳಿದೆ. ತರಲು ಇಬ್ಬರೂ ಏಳಲಿಲ್ಲ.

ಕಡೆಗೆ ನಾಲ್ಕನ್ನೂ ಅಲ್ಲೇ ಬಿಟ್ಟು ವೇಗ ಇಳಿಸಿದೆ. ನವಿಲು ನಿಧಾನಕ್ಕೆ ಗರಿ ಬಿಚ್ಚಿತು. ಮನೆ ಒಡೆಯಲಿಲ್ಲ.

ಹಲ್ಲಿನ ದವಾಖಾನೆ

ರಾಮದುರ್ಗದಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಮೇಡಂ ಇದ್ದಾರೆ. ಎಕ್ಸ್‌ರೇ ನೋಡುವ ಅವರ ಕಂಪ್ಯೂಟರಿಗೂ ನಾಲ್ಕು ರ‍್ಯಾಮ್ ಹಾಕಿದ ಮೇಲೆ ಅದೇ ರೋಗ. ನಾನು ಹೋದಾಗ ನಡುವೆ ಇಳಿಬಿಟ್ಟ ಬಟ್ಟೆಯ ಪರದೆಯ ಆಚೆ ಕುರ್ಚಿಯಲ್ಲಿ ಲಾರಿ ಡ್ರೈವರ್ ಒಬ್ಬ ಬಾಯಿ ತೆರೆದು ಮಲಗಿದ್ದ. ದೊಡ್ಡ ಮೀಸೆಯ ಆಳು. ಜೋಮು ಹಿಡಿಸುವ ಇಂಜೆಕ್ಷನ್ ಕೊಟ್ಟು, ಅದು ಏರುವ ತನಕ ಮೇಡಂ ನನ್ನ ಕಡೆ ಬಂದರು.

"ಏನಾಗೇತ್ರಿ ಇದಕ್ಕ?"

ನಾನು ಡಬ್ಬಿ ಬಿಚ್ಚಿ ನೋಡಿದೆ. "ಹಳೇವು ಹೊಸಾವು ಹೊಂದವಲ್ಲವು ಮೇಡಂ. ನಾಲ್ಕನ್ನೂ ಕಿತ್ತು, ಒಂದೊಂದ ಹಾಕಿ ನೋಡತೇನಿ. ಯಾವುದು ಕೆಟ್ಟೈತಿ ಅಂತ ಹಂಗ ಗೊತ್ತಾಗತೈತಿ."

"ಎಷ್ಟು ಹೊತ್ತು ಹಿಡೀತದ?"

"ಒಂದೊಂದಕ್ಕ ಅರ್ಧ ತಾಸು. ಜಾಗಾನೂ ಬದಲಿ ಮಾಡಬೇಕು, ಹಿಂದಿಂದು ಮುಂದ, ಮುಂದಿಂದು ಹಿಂದ. ಭಾಳ ಬಿಗಿ ಕುಂತಾವು, ಸ್ಕ್ರೂಡ್ರೈವರ್‌ಲೆ ಮೀಟತೇನಿ."

"ಮೀಟ್ರಿ, ನನ್ನದೇನೂ ಅಡ್ಡಿಯಿಲ್ಲ."

ಪರದೆಯ ಆಚೆ ಟ್ರೇ ಬಿದ್ದ ಸಪ್ಪಳವಾಯಿತು. ಹೋಗಿ ನೋಡಿದರೆ ಕುರ್ಚಿ ಖಾಲಿ, ಹಿಂಬಾಗಿಲು ತೆರೆದಿತ್ತು. ಮೇಡಂ ನಿಟ್ಟುಸಿರು ಬಿಟ್ಟರು. "ನಿಮ್ಮ ಮಾತಿಗೆ ಓಡ್ಯಾನ. ನೀವ ಕರಕೊಂಡು ಬರ್ರಿ."

ಅವಸರದಲ್ಲಿ ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಆತ ಚಹಾದ ಅಂಗಡಿಯ ಮುಂದೆ, ಕೊರಳಿಗೆ ಕಟ್ಟಿದ ಹಸಿರು ಬಟ್ಟೆಯ ಸಮೇತ, ಜೋಮು ಹಿಡಿದ ಬಾಯಿಯಿಂದ ಮಂದಿಗೆ ಏನೋ ಹೇಳುತ್ತಿದ್ದ. "ನೋವಿರೂದು ಒಂದ... ನಾಲ್ಕೂ ಕೀಳತಾನಂತ..." ಅಷ್ಟರಲ್ಲಿ ನಾನು ಅವನ ಕಣ್ಣಿಗೆ ಬಿದ್ದೆ. ಎಲ್ಲರೂ ನನ್ನ ಕೈ ನೋಡಿದರು. ಚಹಾದವನು ಸೌಟು ಹಿಡಿದು ಅಡ್ಡ ನಿಂತ.

ತಿಳಿಸಿ ಹೇಳುವಷ್ಟರಲ್ಲಿ ಬೆವತುಹೋದೆ. ಆತ ಇಬ್ಬರು ಸಾಕ್ಷಿಗಳನ್ನು ಜೊತೆಗಿಟ್ಟುಕೊಂಡು ವಾಪಸು ಬಂದ. ನನ್ನನ್ನು ಹೊರಗೆ ನಿಲ್ಲಿಸಿದ ಮೇಲೆಯೇ ಬಾಯಿ ತೆರೆದ. ಒಂದೇ ಹಲ್ಲು ಕಿತ್ತರು, ನೋವಾಗಲಿಲ್ಲ.

ನಾನು ಒಳಗೆ ಬಂದು ಎರಡು ರ‍್ಯಾಮ್ ತೆಗೆದು ಹತ್ತಿಯ ಮೇಲೆ ಇಟ್ಟೆ. ಕಂಪ್ಯೂಟರ್ ಸರಿಯಾಗಿ ಓಡಿತು. ಹೋಗುವಾಗ ಆತ ಬಗ್ಗಿ, ಪಟ್ಟಿಯ ಅಂಚಿಗೆ ಸಾಲಾಗಿ ಹೊಳೆಯುವ ಬಂಗಾರದ ಬಣ್ಣದ ಗೆರೆಗಳನ್ನು ಬಹಳ ಹೊತ್ತು ನೋಡಿದ. ಕೆನ್ನೆ ಹಿಡಿದುಕೊಂಡೇ ಮೇಡಂ ಕಿವಿಯ ಹತ್ತಿರ ಕೇಳಿದ:

"ಎಲ್ಲಾವೂ ಬಂಗಾರದ ಹಲ್ಲ ಅದಾವಲ್ರಿ. ಯಾವ ಸಾಹುಕಾರನ ಬಾಯಿ ಖಾಲಿ ಮಾಡ್ಯಾನ್ರಿ ಇಂವಾ?"